ಅಣುಸ್ಥಾವರ ಮುಚ್ಚಿದ ಜರ್ಮನಿಯಲ್ಲಿ ಮರದ ಇಂಧನದ ಪಾಲೆಷ್ಟು?

ಪ್ರಶ್ನೆ
ಜರ್ಮನಿಯು 2023ರ ಏಪ್ರಿಲ್ 15ರಂದು ಇಸಾರ್ 2, ಎಮ್ಸ್‌ಲಾಂಡ್ ಮತ್ತು ನೆಕರ್‌ವೆಸ್ಟ್‌ಹೈಮ್ 2 ಎಂಬ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು ನಿಲ್ಲಿಸಿತು. ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್‌ಗಳ ಬಳಕೆಯೂ ಅಲ್ಲಿ ಹೆಚ್ಚಾಗಿದೆಯೆಂದು ಓದಿದಾಗಿನಿಂದ, ಯುರೇನಿಯಂ ಬಿಟ್ಟವರು ಕಾಡನ್ನು ಉರಿಸಲು ಹೊರಟರೇ ಎಂಬ ಅನುಮಾನ ಕಾಡುತ್ತಿದೆ. ಇವೆರಡಕ್ಕೂ ನಿಜವಾಗಿ ಸಂಬಂಧವಿದೆಯೇ?

ಉತ್ತರ 1
ನೇರ ಸಂಬಂಧವಿಲ್ಲ. 2010ರಲ್ಲಿ ಅಲ್ಲಿನ ಅಣುಸ್ಥಾವರಗಳು ಸುಮಾರು 14,000 ಕೋಟಿ ಯೂನಿಟ್ ವಿದ್ಯುತ್ ಕೊಟ್ಟಿದ್ದವು. ಘನ ಜೈವಿಕ ಇಂಧನದ ವಿದ್ಯುತ್ತು ಸಾವಿರ ಕೋಟಿ ಯೂನಿಟ್ಟಿನ ಆಸುಪಾಸಿನಲ್ಲೇ ಇದೆ. 2023ರಲ್ಲಿ ಗಾಳಿಯಂತ್ರಗಳು ಕೊಟ್ಟ ವಿದ್ಯುತ್ತು ಮಾತ್ರ 2010ರ ಅಣುವಿದ್ಯುತ್ತಿಗೆ ಹೆಚ್ಚುಕಡಿಮೆ ಸಮ. ಮರ ಉರಿಯುವುದು ಮುಖ್ಯವಾಗಿ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡಲು, ಆದ್ದರಿಂದ ಪೆಲೆಟ್ ಬಾಯ್ಲರು ಹೊರದಬ್ಬಿದ್ದು ರಿಯಾಕ್ಟರನ್ನಲ್ಲ, ನೆಲಮಾಳಿಗೆಯ ಎಣ್ಣೆ ಟ್ಯಾಂಕನ್ನು. ಎರಡು ಕಿಲೋ ಪೆಲೆಟ್ ಸುಮಾರು ಒಂದು ಲೀಟರ್ ಎಣ್ಣೆಯ ಶಾಖ ಕೊಡುತ್ತದೆ.

ಉತ್ತರ 2
ಮೇಲಿನ ಲೆಕ್ಕ ಸರಿ, ಆದರೆ ಸಂಬಂಧವೇ ಇಲ್ಲವೆನ್ನಲಾಗದು. ಅಣುವಿದ್ಯುತ್ತಿನಿಂದ ಹಂತಹಂತವಾಗಿ ಹೊರಬರುವ ಒಪ್ಪಂದವೂ ನವೀಕರಿಸಬಹುದಾದ ಇಂಧನದ ಕಾಯಿದೆಯೂ 2000ದಲ್ಲಿ, ಶ್ರೋಡರ್ ಸರ್ಕಾರದ ಕಾಲದಲ್ಲೇ ಬಂದವು. ಆ ಕಾಯಿದೆ 20 ವರ್ಷ ನಿಗದಿತ ದರದ ಭರವಸೆ ಕೊಟ್ಟಿದ್ದರಿಂದ, ಹಳೆಯ ಪೀಠೋಪಕರಣ ಮತ್ತು ಕೆಡವಿದ ಕಟ್ಟಡಗಳ ಮರವನ್ನು ಉರಿಸುವ ವಿದ್ಯುತ್ ಘಟಕಗಳು ಸಾಲಾಗಿ ಎದ್ದವು. ಮರದಿಂದ ವಿದ್ಯುತ್ ಮಾತ್ರ ತೆಗೆದರೆ ಅದರ ಶಕ್ತಿಯ ಬಹುಪಾಲು ಶಾಖವಾಗಿ ಪೋಲಾಗುತ್ತದೆ. ಆ ಶಾಖವನ್ನು ಊರಿನ ಕೊಳವೆ ಜಾಲಕ್ಕೋ ಕಾರ್ಖಾನೆಗೋ ಹರಿಸುವ ಘಟಕಕ್ಕೆ ಮಾತ್ರ ಭರವಸೆಯ ಅವಧಿ ಮುಗಿದ ಮೇಲೂ ಉಳಿಯುವ ದಾರಿಯಿದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು
ಹಾಗಾದರೆ ಕಾಡಿನ ಬಗ್ಗೆ ಚಿಂತಿಸಬೇಕಾಗಿಲ್ಲವೇ?

ಉತ್ತರ 3
ಚಿಂತಿಸಬೇಕು, ಆದರೆ ಬೇರೆ ಕಾರಣಕ್ಕೆ. ಪೆಲೆಟ್‌ಗೆ ಹೋಗುವುದು ಹೆಚ್ಚಾಗಿ ಗರಗಸದ ಗಿರಣಿಗಳ ಹೊಟ್ಟು ಮತ್ತು ಚೂರು. ನಿಂತ ಮರವನ್ನು ಅದಕ್ಕಾಗಿಯೇ ಕಡಿಯುವುದು ಲಾಭದ ಬಾಬತ್ತಲ್ಲ. ಕಾಡನ್ನು ಹೊಡೆದುಹಾಕಿದ್ದು 2018ರಿಂದ 2020ರವರೆಗಿನ ಬರ ಮತ್ತು ಅದರ ಬೆನ್ನಿಗೇ ಬಂದ ತೊಗಟೆ ಹುಳು. ಹಾರ್ಜ್ ಬೆಟ್ಟಗಳಲ್ಲಿ ಸ್ಪ್ರೂಸ್ ಮರಗಳು ಗುಡ್ಡಕ್ಕೆ ಗುಡ್ಡವೇ ಒಣಗಿದವು. 2024ರಲ್ಲಿ ಪ್ರಕಟವಾದ ರಾಷ್ಟ್ರೀಯ ಅರಣ್ಯ ಗಣತಿಯ ಪ್ರಕಾರ ಜರ್ಮನಿಯ ಕಾಡಿನ ಜೀವಂತ ಮರಗಳಲ್ಲಿರುವ ಇಂಗಾಲ 2017ಕ್ಕಿಂತ ಕಡಿಮೆಯಾಗಿದೆ. ಸುಟ್ಟ ಮರದ ಇಂಗಾಲವನ್ನು ಬೆಳೆಯುವ ಮರ ಹೀರಿಕೊಳ್ಳುತ್ತದೆ ಎಂಬ ಲೆಕ್ಕಾಚಾರವು ಕಾಡು ಬೆಳೆಯುತ್ತಲೇ ಇರುತ್ತದೆಂಬ ನಂಬಿಕೆಯ ಮೇಲೆ ನಿಂತದ್ದು; ಈಗ ಅಲುಗಾಡುತ್ತಿರುವುದು ಆ ನಂಬಿಕೆಯೇ.