ಆದಿಯಲ್ಲೇ ಉಷ್ಣ ಸಮತೋಲವಿದ್ದರೆ ವಿಶ್ವದ ಎಂಟ್ರೊಪಿ ಹೆಚ್ಚಿದ್ದು ಹೇಗೆ?

ಪ್ರಶ್ನೆ:
ಉಷ್ಣಗತಿವಿಜ್ಞಾನದ ಎರಡನೆಯ ನಿಯಮದಂತೆ ಹೊರಗಿನೊಡನೆ ಕೊಡುಕೊಳ್ಳುವಿಕೆಯಿಲ್ಲದ ಪ್ರತ್ಯೇಕ ವ್ಯವಸ್ಥೆಯ ಎಂಟ್ರೊಪಿ (ಅದರ ಕಣಗಳು ಎಷ್ಟು ಬಗೆಯಲ್ಲಿ ಜೋಡಣೆಗೊಂಡಿರಬಹುದು ಎಂಬುದರ ಅಳತೆ) ಕಡಿಮೆಯಾಗುವುದಿಲ್ಲ. ಉಷ್ಣ ಸಮತೋಲದಲ್ಲಿ ಅದು ಗರಿಷ್ಠವಾಗಿರುತ್ತದೆ ಎಂದೂ ಓದಿದ್ದೇನೆ. ಆದರೆ ಆದಿವಿಶ್ವದಿಂದ ಉಳಿದು ಬಂದಿರುವ ಮೈಕ್ರೋವೇವ್ ಹಿನ್ನೆಲೆ ವಿಕಿರಣದ ಉಷ್ಣತೆ, ನಮ್ಮದೇ ಚಲನೆಯ ಪರಿಣಾಮವನ್ನು ಕಳೆದು ನೋಡಿದರೆ, ಎಲ್ಲ ದಿಕ್ಕಿನಲ್ಲೂ 2.725 ಕೆಲ್ವಿನ್, ಏರಿಳಿತ ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಅಂದರೆ ಸುಮಾರು 3,80,000 ವರ್ಷ ವಯಸ್ಸಿನಲ್ಲೇ ವಿಶ್ವ ಸಮತೋಲದಲ್ಲಿತ್ತು. ಗರಿಷ್ಠವನ್ನು ಆಗಲೇ ಮುಟ್ಟಿದ್ದರೆ ಆಮೇಲೆ ನಕ್ಷತ್ರಗಳು ಹುಟ್ಟಿದ್ದು ಹೇಗೆ? ವಿಶ್ವ ಹಿಗ್ಗಿದ್ದರಿಂದ ಎಂಟ್ರೊಪಿ ಹೆಚ್ಚಿತು ಎನ್ನಬಹುದೇ?

ಉತ್ತರ 1:
ಹಿಗ್ಗುವಿಕೆಯೊಂದರಿಂದಲೇ ಹೆಚ್ಚುವುದಿಲ್ಲ. ಆ ಕಾಲದಲ್ಲಿ ಸುಮಾರು 3000 ಕೆಲ್ವಿನ್ ಇದ್ದ ವಿಕಿರಣ, ವಿಶ್ವ ಉದ್ದಳತೆಯಲ್ಲಿ 1100 ಪಟ್ಟು ಹಿಗ್ಗಿದಾಗ ಅಷ್ಟೇ ಪಟ್ಟು ತಣಿಯಿತು. ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ, ಎಂಟ್ರೊಪಿ ಗಾತ್ರ ಮತ್ತು ಉಷ್ಣತೆಯ ಘನದ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಒಂದು ಏರಿದಷ್ಟೇ ಇನ್ನೊಂದು ಇಳಿದುದರಿಂದ ಗುಣಲಬ್ಧ ಇದ್ದಲ್ಲೇ ಉಳಿಯಿತು.

ಉತ್ತರ 2:
ಮೇಲಿನ ಲೆಕ್ಕ ಸರಿ. ಪ್ರಶ್ನೆಯಲ್ಲಿ ಬಿಟ್ಟುಹೋಗಿರುವುದು ಗುರುತ್ವ. ಡಬ್ಬಿಯೊಳಗಿನ ಅನಿಲಕ್ಕೆ ಸಮನಾಗಿ ಹರಡಿಕೊಳ್ಳುವುದೇ ಗರಿಷ್ಠ ಎಂಟ್ರೊಪಿ. ಅಲ್ಲಿ ಗುರುತ್ವವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗುರುತ್ವ ಮೇಲುಗೈ ಪಡೆದಲ್ಲಿ ಈ ಮಾತು ತಲೆಕೆಳಗಾಗುತ್ತದೆ: ಸಮನಾಗಿ ಹರಡಿರುವುದು ಕಡಿಮೆ ಎಂಟ್ರೊಪಿಯ ಸ್ಥಿತಿ, ಗುಡ್ಡೆಗಟ್ಟುವುದು ಹೆಚ್ಚಿನದು. ಆದ್ದರಿಂದ ಆದಿವಿಶ್ವದ ದ್ರವ್ಯ ಮತ್ತು ವಿಕಿರಣ ಸಮತೋಲದಲ್ಲಿದ್ದರೂ ಗುರುತ್ವದ ಮಟ್ಟಿಗೆ ಅದು ಸಮತೋಲಕ್ಕೆ ಬಹುದೂರದಲ್ಲಿತ್ತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆದರೆ ಅನಿಲದ ಮೋಡ ಕುಸಿದು ನಕ್ಷತ್ರವಾದಾಗ ಆ ಅನಿಲದ ಎಂಟ್ರೊಪಿ ಕುಗ್ಗಬೇಕಲ್ಲವೇ?

ಉತ್ತರ 2 ಬರೆದವರು:
ಕುಗ್ಗುತ್ತದೆ, ಮತ್ತು ಹಲವರು ಎಡವುವುದು ಇಲ್ಲೇ. ಕುಸಿಯುವ ಮೋಡ ಬೆಳಕನ್ನೂ ಶಾಖವನ್ನೂ ಹೊರಚೆಲ್ಲದೆ ಕುಸಿಯುತ್ತಲೇ ಇರಲಾರದು. ಹಾಗೆ ಹೊರಹೋದ ಫೋಟಾನ್‌ಗಳು ಹೊತ್ತೊಯ್ಯುವ ಎಂಟ್ರೊಪಿ, ಅನಿಲ ಕಳೆದುಕೊಂಡದ್ದಕ್ಕಿಂತ ಹೆಚ್ಚು. ವಿಚಿತ್ರವೆಂದರೆ ಶಕ್ತಿಯನ್ನು ಕಳೆದುಕೊಂಡಷ್ಟೂ ಮೋಡದ ಒಡಲು ಬಿಸಿಯಾಗುತ್ತದೆ.

ಈ ದಾರಿಯ ತುದಿಯಲ್ಲಿರುವುದು ಕಪ್ಪುಕುಳಿ. ಅದರ ಎಂಟ್ರೊಪಿ ಕ್ಷಿತಿಜದ (ಒಳಹೋದದ್ದು ಹೊರಬರಲಾಗದ ಎಲ್ಲೆಯ) ವಿಸ್ತೀರ್ಣಕ್ಕೆ ಅನುಪಾತದಲ್ಲಿದೆ ಎಂದು 1970ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಬೆಕೆನ್‌ಸ್ಟೈನ್ ವಾದಿಸಿದರು. ಕಪ್ಪುಕುಳಿಯೂ ವಿಕಿರಣ ಸೂಸುತ್ತದೆಂಬ ಹಾಕಿಂಗ್ ಅವರ 1974ರ ಲೆಕ್ಕದಿಂದ ಅನುಪಾತದ ಅಂಕೆಯೂ ಖಚಿತವಾಯಿತು. ಎಂಟ್ರೊಪಿಯನ್ನು ಅಳೆಯುವ ಮೂಲಮಾನವಾದ ಬೋಲ್ಟ್ಸ್‌ಮನ್ ಸ್ಥಿರಾಂಕದ ಮಾನದಲ್ಲಿ ಸೂರ್ಯನ ಎಂಟ್ರೊಪಿ ಸುಮಾರು 10ರ 58ನೇ ಘಾತ. ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯದು 10ರ 77ನೇ ಘಾತ. ದ್ರವ್ಯರಾಶಿಯ ವರ್ಗದಂತೆ ಇದು ಏರುವುದರಿಂದ, ಸುಮಾರು 40 ಲಕ್ಷ ಸೂರ್ಯರಷ್ಟು ದ್ರವ್ಯರಾಶಿಯುಳ್ಳ, ನಮ್ಮ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯೊಂದರಲ್ಲೇ ಅದು 10ರ 90ನೇ ಘಾತವನ್ನು ದಾಟುತ್ತದೆ. ಗೋಚರ ವಿಶ್ವದ ಅಷ್ಟೂ ಹಿನ್ನೆಲೆ ಫೋಟಾನ್‌ಗಳದ್ದು ಸೇರಿದರೂ 10ರ 89ನೇ ಘಾತದ ಆಸುಪಾಸು.

ಉತ್ತರ 1 ಬರೆದವರು:
ಒಂದು ತಿದ್ದುಪಡಿ ಸೇರಿಸಬೇಕು. ಕಪ್ಪುಕುಳಿಯನ್ನು ಬಿಟ್ಟರೆ ಗುರುತ್ವದ ಎಂಟ್ರೊಪಿಗೆ ಎಲ್ಲರೂ ಒಪ್ಪಿದ ಸೂತ್ರವಿಲ್ಲ. ಆರಂಭ ಅಷ್ಟು ನುಣುಪಾಗಿದ್ದುದೇಕೆ ಎಂಬುದಕ್ಕೆ ಭೌತವಿಜ್ಞಾನಿ ಪೆನ್‌ರೋಸ್ 1979ರಲ್ಲಿ ವೈಲ್ ವಕ್ರತೆ (ದ್ರವ್ಯ ಗುಡ್ಡೆಗಟ್ಟಿದಂತೆ ಹೆಚ್ಚುವ, ದೇಶಕಾಲದ ಬಾಗುವಿಕೆಯ ಒಂದು ಭಾಗ) ಆಗ ಸೊನ್ನೆಯ ಸಮೀಪವಿತ್ತೆಂಬ ಊಹೆಯನ್ನು ಮುಂದಿಟ್ಟರು. ನನ್ನ ದೃಷ್ಟಿಯಲ್ಲಿ ಅದು ಕಾರಣವಲ್ಲ, ಪ್ರಶ್ನೆಯನ್ನೇ ಹೆಚ್ಚು ನಿಖರವಾಗಿ ಕೇಳಿದಂತೆ.