ಕೋಲ್ಟ್ರೇನ್ ಕೇಳೋಕೆ ಎಲ್ಲಿಂದ ಶುರು ಮಾಡಲಿ?

ಬ್ಯಾಂಡ್‌ಸೆಟ್ ಬಳ್ಳಾರಿ:
ಬಳ್ಳಾರಿಯಲ್ಲಿ ಮದುವೆ ಮೆರವಣಿಗೆಗೆ ಸ್ಯಾಕ್ಸೋಫೋನ್ ಊದುತ್ತೇನೆ. ಸ್ಯಾಕ್ಸ್ ಅಂದರೆ ನನಗೆ ಕದ್ರಿ ಗೋಪಾಲನಾಥರು, ಅಷ್ಟೇ. ಮೊನ್ನೆ ಯಾರೋ ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ ಕೇಳು ಅಂದರು ಅಂತ ಅವನ 'ಜೈಂಟ್ ಸ್ಟೆಪ್ಸ್' ಹಾಕಿದೆ, ತಲೆ ಗಿರ್ ಅಂತು. ಎರಡು ದಿನ ಅದರ ಹಿಂದೆ ಬಿದ್ದು ಬೆರಳು ನೋವು ಬಂತು, ಬಾಯಿಗಿಡುವ ಕಡ್ಡಿ, ಒಂದು ರೀಡಿನ ತುದಿಯೂ ಹೋಯಿತು. ಈ ಮನುಷ್ಯ 1967ರಲ್ಲೇ ತೀರಿಕೊಂಡಿದ್ದಾನೆ, ಇನ್ನೂ ಅವನದೇ ಮಾತು. ಬರೀ ಸ್ಪೀಡಿಗಾ?

ಕೊಪ್ಪಳದವ:
ಸುಮ್ನೆ ಬೆರಳು ನೋಯಿಸಿಕೊಳ್ಳಬೇಡಿ ಅಣ್ಣ. ಅದರಲ್ಲಿ ಶ್ರುತಿಯೇ ಮೂರು ಕಡೆ ಜಿಗಿಯುತ್ತಾ ಇರುತ್ತದೆ. 1959ರ ಆ ರೆಕಾರ್ಡಿಂಗ್‌ನಲ್ಲಿ ಪಿಯಾನೋ ನುಡಿಸಿದ ಟಾಮಿ ಫ್ಲಾನಗನ್ ಅಂಥವರೇ ತಡವರಿಸಿದ್ದು ಕೇಳಿಸುತ್ತದೆ, ಇನ್ನು ನಮ್ಮದೇನು! 1961ರ 'ಇಂಡಿಯಾ' ಕೇಳಿ. ಎರಡು ಬೇಸ್ (ದಪ್ಪ ಧ್ವನಿಯ ದೊಡ್ಡ ತಂತಿವಾದ್ಯ) ಸೇರಿ ನಮ್ಮ ತಂಬೂರಿ ಥರ ಒಂದೇ ಕಡೆ ನಿಂತಿರುತ್ತವೆ. ಮಗನಿಗೆ ರವಿ ಅಂತ ಹೆಸರಿಟ್ಟಿದ್ದೂ ರವಿಶಂಕರ್ ಅವರ ಮೇಲಿನ ಗೌರವಕ್ಕೇ.

ಸುಮ್ನೆ ಕೇಳುಗ:
ಹೆಸರು 'ಇಂಡಿಯಾ' ಅಂದ ಕೂಡಲೇ ರಾಗ ಹುಡುಕಬೇಡಿ, ಸಿಗಲ್ಲ. ಕೋಲ್ಟ್ರೇನನ ಇಬ್ಬರು ಅಜ್ಜಂದಿರೂ ಚರ್ಚಿನ ಪಾದ್ರಿಗಳು. ಆ ಧ್ವನಿಯಲ್ಲಿರೋದು ಚರ್ಚು, ಅಮೆರಿಕದ ಕಪ್ಪು ಜನರ ಹಾಡಾದ ಬ್ಲೂಸ್. ನಮ್ಮಿಂದ ತಗೊಂಡಿದ್ದು ಆಮೇಲೆ.

ರಾಯಚೂರು ಬಿಸಿಲು:
ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ! 1964ರ ಡಿಸೆಂಬರಿನಲ್ಲಿ ರೆಕಾರ್ಡ್ ಆದ 'ಎ ಲವ್ ಸುಪ್ರೀಮ್' ಇದೆಯಲ್ಲ, ನಾಲ್ಕು ಭಾಗ. ಮೊದಲನೆಯದರಲ್ಲಿ ನಾಲ್ಕೇ ಸ್ವರದ ಒಂದು ತುಣುಕನ್ನು ಹನ್ನೆರಡೂ ಶ್ರುತಿಗೆ ಒಯ್ಯುತ್ತಾನೆ. ಆದರೆ ನೀವು ಕೇಳಬೇಕಾದದ್ದು ಕೊನೆಯದು, 'ಸಾಮ್' (Psalm), ಅಂದರೆ ದೇವರ ಸ್ತುತಿಗೀತೆ. ದೇವರ ಮೇಲೆ ತಾನೇ ಬರೆದ ಪದ್ಯವನ್ನು ಬಾಯಿಂದ ಹೇಳದೆ ಒಂದೊಂದು ಮಾತನ್ನೂ ಸ್ಯಾಕ್ಸಿನಲ್ಲೇ ಓದುತ್ತಾನೆ. ಪದ್ಯ ಆಲ್ಬಮ್ಮಿನ ಕವರಿನಲ್ಲೇ ಅಚ್ಚಾಗಿದೆ, ಎದುರಿಗೆ ಇಟ್ಟುಕೊಂಡು ಕೇಳಿ, ಸಾಲು ಸಾಲು ಹೊಂದುತ್ತದೆ. ತಾಳದ ಗೊಡವೆ ಇಲ್ಲ. ನಮ್ಮಲ್ಲಿ ವಚನ ಹೇಳುವವರು ತಾಳ ಬಿಟ್ಟು ಒಂದು ಮಾತಿನ ಮೇಲೆ ನಿಲ್ಲುತ್ತಾರಲ್ವಾ, ಹಾಗೇ. ಸ್ಪೀಡು ಕಲಿಯೋಕೆ ಬೇರೆ ಜನ ಇದ್ದಾರೆ, ಇವನ ಹತ್ತಿರ ಇದನ್ನು ಕಲೀರಿ. 2007ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿಯವರು ಗೌರವ ಕೊಟ್ಟರು, ಸತ್ತು ನಲವತ್ತು ವರ್ಷ ಆದ ಮೇಲೆ. ಇರಲಿ.

ಬ್ಯಾಂಡ್‌ಸೆಟ್ ಬಳ್ಳಾರಿ:
ರಾಯಚೂರಣ್ಣ, ರಾತ್ರಿ ಮಾಳಿಗೆ ಮೇಲೆ ಕೂತು ಕೇಳಿದೆ. ಆಮೇಲೆ ಬಾಯಿಪಾಠ ಇರೋ ಒಂದು ವಚನ ಹಾಗೇ ಊದಿ ನೋಡಿದೆ. ಡ್ರಮ್ ಇಲ್ಲದೆ ಊದಿದ್ದೇ ಗೊತ್ತಿಲ್ಲ ನೋಡಿ, ಮೂರನೇ ಸಾಲಿಗೇ ಓಡೋಕೆ ಶುರು ಮಾಡಿದೆ, ಅಂಕಿತ ಬರೋ ಹೊತ್ತಿಗೆ ಉಸಿರೇ ಇರಲಿಲ್ಲ. ಕೆಳಗಿಂದ ಅವ್ವ, 'ಅದೇನು ಊದಿದ್ಯೋ, ಮಾತಾಡಿದಂಗಿತ್ತು' ಅಂದಳು.