ಮಾದರಿ ರಾಕೆಟ್ಟಿನ ಸ್ಥಿರತೆ: ಕೈಲೆಕ್ಕವೋ ತಂತ್ರಾಂಶವೋ?

ಪ್ರಶ್ನೆ (ಡೊಂಬಿವಲಿ)
ಹನ್ನೊಂದನೆಯ ತರಗತಿಯಲ್ಲಿರುವ ನನ್ನ ಮಗಳು 45 ಸೆಂ.ಮೀ. ಉದ್ದದ, 2.5 ಸೆಂ.ಮೀ. ವ್ಯಾಸದ ರಾಕೆಟ್ಟೊಂದನ್ನು ಕಟ್ಟುತ್ತಿದ್ದಾಳೆ. ಅದರ ಮೂತಿ 10 ಸೆಂ.ಮೀ. ಉದ್ದದ ಒಜೈವ್ (ಬದಿಗಳು ಬಾಗಿ ತುದಿ ಚೂಪಾಗಿರುವ ಆಕಾರ). ಬಾಲದಲ್ಲಿ ಮೂರು ಫಿನ್‌ಗಳಿದ್ದು (ರೆಕ್ಕೆಯಂತಹ ಹಲಗೆಗಳು), ಒಂದೊಂದರ ಬುಡ 6, ತುದಿ 4, ಚಾಚು 5 ಸೆಂ.ಮೀ.; ಹಿಂಅಂಚು ಕೊಳವೆಗೆ ಲಂಬವಾಗಿದೆ. ಮಾದರಿ ರಾಕೆಟ್ಟುಗಳ ಹಾರಾಟವನ್ನು ಲೆಕ್ಕ ಹಾಕುವ ಓಪನ್‌ರಾಕೆಟ್ ತಂತ್ರಾಂಶವು ಮೂತಿಯ ತುದಿಯಿಂದ ಗುರುತ್ವ ಕೇಂದ್ರವನ್ನು (ತೂಕದ ಸಮತೋಲನ ಬಿಂದು) 34 ಸೆಂ.ಮೀ. ದೂರದಲ್ಲಿಯೂ ಒತ್ತಡ ಕೇಂದ್ರವನ್ನು (ಗಾಳಿಯ ಪಾರ್ಶ್ವಬಲವೆಲ್ಲ ಒಟ್ಟಾಗಿ ಬೀಳುವ ಬಿಂದು) ಸುಮಾರು 38 ಸೆಂ.ಮೀ. ದೂರದಲ್ಲಿಯೂ ತೋರಿಸುತ್ತದೆ. ರಾಕೆಟ್ ಸ್ಥಿರವಾಗಿರಲು ಒತ್ತಡ ಕೇಂದ್ರ ಗುರುತ್ವ ಕೇಂದ್ರದ ಹಿಂದಿರಬೇಕು. ಆದರೆ ಪಾರ್ಶ್ವಾಕೃತಿಯನ್ನು ರಟ್ಟಿನಲ್ಲಿ ಕತ್ತರಿಸಿ ಸಮತೋಲನ ಬಿಂದುವನ್ನು ಹುಡುಕಿದರೆ ಒತ್ತಡ ಕೇಂದ್ರ 30 ಸೆಂ.ಮೀ.ಗೆ ಬರುತ್ತದೆ, ಅಂದರೆ ರಾಕೆಟ್ ಅಸ್ಥಿರ. ಯಾವುದನ್ನು ನಂಬಬೇಕು?

ಉತ್ತರ (ಪುಣೆ)
ರಟ್ಟಿನ ವಿಧಾನ ಸುಳ್ಳಲ್ಲ, ಆದರೆ ಗಾಳಿ ರಾಕೆಟ್ಟಿಗೆ ಪೂರ್ತಿ ಅಡ್ಡಲಾಗಿ ಬಡಿದಾಗ ಏನಾಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸಹಜ ಹಾರಾಟದಲ್ಲಿ ರಾಕೆಟ್ಟಿನ ಉದ್ದಕ್ಕೂ ಎದುರು ಬರುವ ಗಾಳಿಗೂ ನಡುವಿನ ಕೋನ ಕೆಲವೇ ಡಿಗ್ರಿ. ಅಷ್ಟು ಸಣ್ಣ ಕೋನದಲ್ಲಿ ಸಮವ್ಯಾಸದ ಕೊಳವೆಯ ಮೇಲೆ ಪಾರ್ಶ್ವಬಲ ನಗಣ್ಯ ಎಂಬ ಆಧಾರದ ಮೇಲೆ ನಾಸಾದ ಎಂಜಿನಿಯರ್ ಜೇಮ್ಸ್ ಬಾರೋಮನ್ 1960ರ ದಶಕದಲ್ಲಿ ರೂಪಿಸಿದ ಸಮೀಕರಣಗಳನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ. ಓಪನ್‌ರಾಕೆಟ್ಟಿನ ಒಳಗಿರುವುದೂ ಅವುಗಳ ವಿಸ್ತೃತ ರೂಪವೇ.

ಮಗಳು ಕೈಯಲ್ಲೇ ಮಾಡಿ ನೋಡಲಿ. ಮೂತಿಯ ಬಲಗುಣಾಂಕ (ಆ ಭಾಗದ ಮೇಲೆ ಬೀಳುವ ಪಾರ್ಶ್ವಬಲದ ಅಳತೆ) 2, ಅದರ ಸ್ಥಾನ ಮೂತಿಯ ಉದ್ದದ 0.466 ಭಾಗ, ಅಂದರೆ 4.66 ಸೆಂ.ಮೀ. ಫಿನ್‌ಗಳಿಗೆ 4×3×(5/2.5)² = 48; ಇಲ್ಲಿ 3 ಫಿನ್‌ಗಳ ಸಂಖ್ಯೆ, 5 ಚಾಚು, 2.5 ವ್ಯಾಸ. ಫಿನ್ನಿನ ಮಧ್ಯರೇಖೆಯ (ಬುಡದ ನಡುವಿನಿಂದ ತುದಿಯ ನಡುವಿನವರೆಗಿನ ಗೆರೆ) ಉದ್ದ 5.1 ಆಗಿರುವುದರಿಂದ, ಅದರ ಎರಡರಷ್ಟನ್ನು ಬುಡ ಮತ್ತು ತುದಿಯ ಮೊತ್ತದಿಂದ ಭಾಗಿಸಿ, 48ನ್ನು 1+√(1+(10.2/10)²), ಅಂದರೆ 2.43ರಿಂದ ಭಾಗಿಸಬೇಕು. ಕೊಳವೆಯ ಪ್ರಭಾವಕ್ಕಾಗಿ 1.2ರಿಂದ ಗುಣಿಸಿದರೆ 23.7 ಸಿಗುತ್ತದೆ. ಫಿನ್‌ಗಳ ಒತ್ತಡ ಕೇಂದ್ರ 41.2 ಸೆಂ.ಮೀ.ನಲ್ಲಿದೆ. ಈ ಎರಡು ಸ್ಥಾನಗಳನ್ನು ಆಯಾ ಗುಣಾಂಕದಿಂದ ತೂಗಿ ಸರಾಸರಿ ತೆಗೆದರೆ 38.4 ಸೆಂ.ಮೀ. ಬರುತ್ತದೆ. ಗುರುತ್ವ ಕೇಂದ್ರದಿಂದ ಇರುವ ಅಂತರ 4.4, ವ್ಯಾಸದಿಂದ ಭಾಗಿಸಿದರೆ ಸುಮಾರು 1.8 ಕ್ಯಾಲಿಬರ್ (ಒಂದು ಕ್ಯಾಲಿಬರ್ ಎಂದರೆ ಒಂದು ವ್ಯಾಸದಷ್ಟು ದೂರ). ಒಂದರಿಂದ ಎರಡರವರೆಗೆ ಇದ್ದರೆ ಒಳ್ಳೆಯದು.

ಉತ್ತರ (ಫೋಂಡಾ, ಗೋವಾ)
ಲೆಕ್ಕ ಸರಿಯಾಗಿದೆ. ನನ್ನ ಚಿಂತೆ ಇರುವುದು 34 ಎಂಬ ಸಂಖ್ಯೆಯ ಬಗ್ಗೆ, ಏಕೆಂದರೆ ಅದನ್ನು ಯಾರೂ ಅಳೆದಿಲ್ಲ. ತಂತ್ರಾಂಶಕ್ಕೆ ನಾವು ಹೇಳದ ಅಂಟು ಮತ್ತು ಬಣ್ಣದ ತೂಕ ತಿಳಿಯುವುದಿಲ್ಲ, ಮತ್ತು ಅಂಟಿನ ಬಹುಪಾಲು ಫಿನ್‌ಗಳ ಬುಡದಲ್ಲೇ ಇರುತ್ತದೆ. ಗುರುತ್ವ ಕೇಂದ್ರ 36ಕ್ಕೆ ಸರಿದರೂ ಸಾಕು, ಅಂತರ ಒಂದು ಕ್ಯಾಲಿಬರಿಗಿಂತ ಕೆಳಗಿಳಿಯುತ್ತದೆ. ಉರಿಯದ ಮೋಟಾರು, ಮಡಿಚಿದ ಪ್ಯಾರಾಚೂಟು ಎಲ್ಲವನ್ನೂ ಒಳಗಿಟ್ಟು, ರಾಕೆಟ್ಟನ್ನು ದಾರದಲ್ಲಿ ತೂಗುಹಾಕಿ ಅಳೆಯಿರಿ. ಇಂಧನ ಉರಿದಂತೆ ಗುರುತ್ವ ಕೇಂದ್ರ ಮುಂದಕ್ಕೆ ಸರಿಯುವುದರಿಂದ ಉಡಾವಣೆಯ ಕ್ಷಣವೇ ಅತ್ಯಂತ ಕಠಿಣವಾದದ್ದು. ಅಳೆದ ಬೆಲೆಯನ್ನು ಓಪನ್‌ರಾಕೆಟ್ಟಿನಲ್ಲಿ ನೇರವಾಗಿ ನಮೂದಿಸಬಹುದು. ಅಂತರ ಕಡಿಮೆ ಬಿದ್ದರೆ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ತುಂಬಿಸಿ.

ಉತ್ತರ (ಮಾಟುಂಗಾ, ಮುಂಬಯಿ)
ಕೈಲೆಕ್ಕ ನಿಲ್ಲುವ ಜಾಗವೊಂದಿದೆ. ಮೊದಲಿಗೆ ರಾಕೆಟ್ಟನ್ನು ನೇರವಾಗಿ ನಡೆಸುವ ಉಡಾವಣಾ ಸರಳನ್ನು ಬಿಡುವಾಗ ರಾಕೆಟ್ಟಿನ ವೇಗ ಸೆಕೆಂಡಿಗೆ 15 ಮೀಟರ್, ಅಡ್ಡಗಾಳಿ 5 ಮೀಟರ್ ಇದ್ದರೆ ಗಾಳಿ ಸುಮಾರು 18 ಡಿಗ್ರಿ ಕೋನದಲ್ಲಿ ಬಡಿಯುತ್ತದೆ. ಬಾರೋಮನ್ ಸಮೀಕರಣಗಳು ಸುಮಾರು 10 ಡಿಗ್ರಿಯೊಳಗಿನ ಕೋನಕ್ಕೆ ಮಾತ್ರ ಹೊಂದುತ್ತವೆ. ಅದಕ್ಕಿಂತ ಹೆಚ್ಚಾದಾಗ ಕೊಳವೆಯ ಮೇಲೂ ಬಲ ಬಿದ್ದು ಒತ್ತಡ ಕೇಂದ್ರ ಮುಂದಕ್ಕೆ, ಅಂದರೆ ನಿಮ್ಮ ರಟ್ಟಿನ ಉತ್ತರದ ಕಡೆಗೆ ಸರಿಯುತ್ತದೆ. ಸರಳನ್ನು ಬಿಡುವಾಗಿನ ವೇಗವನ್ನೂ ಈ ಸರಿಯುವಿಕೆಯನ್ನೂ ತಂತ್ರಾಂಶ ಲೆಕ್ಕ ಹಾಕಿ ಕೊಡುತ್ತದೆ; ಅದರ ನಿಜವಾದ ಉಪಯೋಗ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ನಂತರ ಸಮುದ್ರದ ಗಾಳಿ ಜೋರಾಗುವುದರಿಂದ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ, ಜಾಗಕ್ಕೆ ಬೇಕಾದ ಅನುಮತಿಯನ್ನು ಮೊದಲೇ ಪಡೆಯಿರಿ.